ಸೊಳ್ಳೆಮರಿಗೆ ಸುಗಂಧ ತೈಲ: ಯಾವ ಬಾಟಲಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಲವಂಗ, ಮಜ್ಜಿಗೆ ಹುಲ್ಲು, ಓಮ, ಚಕ್ಕೆ ಈ ನಾಲ್ಕರ ಎಣ್ಣೆಗೆ ನೀರಿನಲ್ಲಿರುವ ಸೊಳ್ಳೆಮರಿಯನ್ನು ಕೊಲ್ಲುವ ಶಕ್ತಿ ನಿಜಕ್ಕೂ ಇದೆ. ಆದರೆ ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳಲ್ಲಿ ಹೇಳುವಂತೆ ಡ್ರಮ್ಮಿಗೆ ನಾಲ್ಕು ಹನಿ ಬಿಟ್ಟರೆ ಮನೆ ಘಮ್ಮೆನ್ನಬಹುದೇ ಹೊರತು ಮರಿಗಳಿಗೆ ಏನೂ ಆಗುವುದಿಲ್ಲ. ಅಳತೆ ಸರಿಯಾಗಿ ಹಾಕಿದರೆ ಸಾಯುತ್ತವೆ, ಆದರೆ ಆ ಅಳತೆಗೆ ತಗಲುವ ದುಡ್ಡು ದೊಡ್ಡ ತೊಟ್ಟಿಗೆ ಗಿಟ್ಟುವುದಿಲ್ಲ. ಕುಡಿಯುವ ನೀರಿಗಂತೂ ಇದು ಸಲ್ಲದು. ಹಾಗಾದರೆ ಈ ಬಾಟಲಿ ಯಾವ ಕೆಲಸಕ್ಕೆ? ಚೆಲ್ಲಲು ಆಗದ, ಯಾರೂ ಕುಡಿಯದ, ಲೀಟರು ಲೆಕ್ಕದಲ್ಲಿ ಕಡಿಮೆ ಇರುವ ನೀರಿಗೆ. ಆ ಮಟ್ಟಿಗೆ ಒಳ್ಳೆಯ ವಸ್ತು.

ಸುಗಂಧ ತೈಲ, ಅಂಗಡಿಯ ಭಾಷೆಯಲ್ಲಿ ಎಸೆನ್ಷಿಯಲ್ ಆಯಿಲ್, ಎಂದರೆ ಎಲೆ, ಮೊಗ್ಗು, ತೊಗಟೆ, ಬೀಜಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆದ, ಗಾಳಿಗೆ ಬಿಟ್ಟರೆ ಹಾರಿಹೋಗುವ ಎಣ್ಣೆ. ಗಾಣದಲ್ಲಿ ಹಿಂಡಿದ ಬೇವಿನೆಣ್ಣೆ, ಹೊಂಗೆ ಎಣ್ಣೆ ಈ ಜಾತಿಯವಲ್ಲ. ಬೇವಿನ ಅಜಾಡಿರಾಕ್ಟಿನ್ ಮರಿಯ ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ. ಮರಿ ದಿನಗಟ್ಟಲೆ ಬದುಕಿದ್ದು, ದೊಡ್ಡದಾಗಲಾರದೆ ಸಾಯುತ್ತದೆ. ಮರುದಿನ ಬಂದು ನೋಡಿದವರಿಗೆ 'ಬೇವು ಕೆಲಸ ಮಾಡಲಿಲ್ಲ' ಎನ್ನಿಸುವುದು ಇದಕ್ಕೇ. ಗೊಬ್ಬರದಂಗಡಿಯಲ್ಲಿ 300, 1500, 10000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಅಳತೆ) ಎಂದು ಬರೆದ ಬೇವಿನ ಡಬ್ಬಿಗಳು ಸಿಗುತ್ತವೆ. ಅವು ಬೆಳೆಯ ಕೀಟಕ್ಕೆಂದು ತಯಾರಾದವು, ಇಲ್ಲಿ ಅವುಗಳ ಪರಿಶೀಲನೆ ಇಲ್ಲ. ಪ್ಲಗ್ಗಿಗೆ ಸಿಕ್ಕಿಸುವ 'ಹರ್ಬಲ್' ದ್ರವ, ಮೈಗೆ ಹಚ್ಚುವ ರೋಲ್-ಆನ್, ದೀಪಕ್ಕೆ ಹಾಕುವ ಸಿಟ್ರೊನೆಲ್ಲಾ ಎಣ್ಣೆ ಇವನ್ನೂ ನೀರಿಗೆ ಸುರಿಯಬೇಡಿ. ಅವುಗಳಲ್ಲಿ ತೈಲದ ಪಾಲು ಚೂರು, ಉಳಿದದ್ದು ಬೇರೆ ದ್ರವ.

ಒಂದೊಂದಾಗಿ ನೋಡೋಣ

ಲವಂಗದ ಎಣ್ಣೆಗೆ 5ಕ್ಕೆ 4 ಅಂಕ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುತ್ತೇವಲ್ಲ, ಅದೇ. ಇದರ ಮುಕ್ಕಾಲು ಪಾಲಿಗೂ ಹೆಚ್ಚು ಸಾಮಾನ್ಯವಾಗಿ ಯೂಜೆನಾಲ್ ಎಂಬ ಅಂಶ. ಮೊಗ್ಗಿನ ಎಣ್ಣೆಗಿಂತ ಎಲೆಯಿಂದ ತೆಗೆದ ಲವಂಗದ ಎಣ್ಣೆ ಅಗ್ಗ. ಪರಿಮಳ ಒರಟು, ಆದರೆ ಯೂಜೆನಾಲ್ ಅದರಲ್ಲೂ ಧಾರಾಳ. ಸೊಳ್ಳೆಮರಿಗೆ ಪರಿಮಳದ ಹಂಗಿಲ್ಲವಾದ್ದರಿಂದ ಎಲೆಯ ಎಣ್ಣೆಯೇ ಸಾಕು. ಒಂದು ತೊಡಕಿದೆ: ಇದು ನೀರಿಗಿಂತ ಭಾರ, ಸಾಂದ್ರತೆ ಸುಮಾರು 1.05. ಹಾಗೇ ಹನಿಸಿದರೆ ಗುಂಡಿನಂತೆ ತಳಕ್ಕಿಳಿದು ಕೂರುತ್ತದೆ. ಮರಿಗಳು ಮೇಲೆ ಆರಾಮಾಗಿ ಉಸಿರಾಡಿಕೊಂಡಿರುತ್ತವೆ.

ಮಜ್ಜಿಗೆ ಹುಲ್ಲಿನ (ನಿಂಬೆಹುಲ್ಲು) ಎಣ್ಣೆಗೂ 4. ಸಿಟ್ರಾಲ್ ಶೇ. 70ರಿಂದ 80ರಷ್ಟಿರುವ ಎಣ್ಣೆ ಒಳ್ಳೆಯದು. ಕೇರಳ, ಕರ್ನಾಟಕ ಎರಡೂ ಕಡೆ ಬೆಳೆಯುವ ಹುಲ್ಲು, ಬಟ್ಟಿ ಇಳಿಸುವವರಿಂದ ನೇರವಾಗಿ ಲೀಟರು ಲೆಕ್ಕದಲ್ಲಿ ಕೊಂಡರೆ ಈ ಪಟ್ಟಿಯಲ್ಲಿ ಕೈಗೆಟಕುವಂಥದ್ದು ಇದೇ. ಸಿಟ್ರಾಲ್‌ಗೆ ಬೆಳಕೂ ಗಾಳಿಯೂ ಆಗಿಬರುವುದಿಲ್ಲ. ಪಾರದರ್ಶಕ ಬಾಟಲಿಯಲ್ಲಿ, ಅರ್ಧ ಖಾಲಿಯಾಗಿ, ಕಿಟಕಿಯಲ್ಲಿ ಆರು ತಿಂಗಳು ಕೂತ ಎಣ್ಣೆಯ ನಿಂಬೆ ವಾಸನೆ ಹೋಗಿ ಕಮಟು ಬಂದಿದ್ದರೆ ಅದರಿಂದ ಹೆಚ್ಚಿನ ನಿರೀಕ್ಷೆ ಬೇಡ.

ಓಮದ ಎಣ್ಣೆಯಲ್ಲಿ ಥೈಮಾಲ್ ಇದೆ. ಮರಿ ಕೊಲ್ಲುವ ಸಸ್ಯವಸ್ತುಗಳಲ್ಲಿ ಥೈಮಾಲ್ ಗಟ್ಟಿಗರ ಸಾಲಿನದು, ಹತ್ತಾರು ಪಿಪಿಎಂ ಮಟ್ಟದಲ್ಲೇ ಅರ್ಧ ಮರಿಗಳನ್ನು ಮುಗಿಸುತ್ತದೆ. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳು ಕಟ್ಟಿದರೆ ಕೆಟ್ಟಿತೆಂದು ಬಿಸಾಡಬೇಡಿ. ಥೈಮಾಲ್ ಕರಗುವುದೇ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ, ಹರಳು ಪೂರ್ತಿ ಕರಗಿದ ಮೇಲೆ ಅಲುಗಿಸಿ ಬಳಸಬೇಕು. ಮೇಲಿನ ತಿಳಿಯನ್ನಷ್ಟೇ ತೆಗೆದರೆ ಸತ್ವ ತಳದಲ್ಲೇ ಉಳಿಯುತ್ತದೆ. ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ, ಅದಕ್ಕೇ 3.5.

ಚಕ್ಕೆ ಎಣ್ಣೆ ಎಂದು ಕೇಳಿದರೆ ಎರಡು ಬೇರೆಬೇರೆ ಸರಕು ಸಿಗುತ್ತವೆ. ತೊಗಟೆಯದರಲ್ಲಿ ಸಿನಮಾಲ್ಡಿಹೈಡ್, ಎಲೆಯದರಲ್ಲಿ ಮುಖ್ಯವಾಗಿ ಯೂಜೆನಾಲ್. ಎರಡೂ ಕೊಲ್ಲುತ್ತವೆ. ತೊಗಟೆಯದ್ದು ದುಬಾರಿ, ಮೇಲಾಗಿ ಕೈಗೆ ತಗುಲಿದರೆ ಚರ್ಮ ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಆಮೇಲೆ ಅಲರ್ಜಿಯೇ ನಿಲ್ಲುತ್ತದೆ. ಲವಂಗ ಸಿಗುವಾಗ ಇದಕ್ಕೆ ಕೈ ಹಾಕುವ ಅಗತ್ಯ ಕಾಣುವುದಿಲ್ಲ. 2.5.

ಕಿತ್ತಳೆ ಸಿಪ್ಪೆಯ ಎಣ್ಣೆ ಹೆಚ್ಚುಕಡಿಮೆ ಪೂರ್ತಿ ಲಿಮೊನೀನ್. ಮೊದಲ ದಿನ ಚುರುಕು, ಆದರೆ ಬೇಗ ಹಾರಿಹೋಗುತ್ತದೆ. ಥರ್ಮಾಕೋಲ್ ಲೋಟದಲ್ಲಿ ಸುರಿದರೆ ಲೋಟವನ್ನೇ ಕರಗಿಸಿ ಸೋರುತ್ತದೆ, ಇದು ತಮಾಷೆಯ ಮಾತಲ್ಲ. 2.5.

ಸಿಟ್ರೊನೆಲ್ಲಾ ಮಜ್ಜಿಗೆ ಹುಲ್ಲಿನ ದಾಯಾದಿ. ಅಂಗಡಿಯವರು ಎರಡನ್ನೂ ಒಂದೇ ಎಂದು ಕೊಡುವುದುಂಟು, ಆದರೆ ಇದರಲ್ಲಿರುವುದು ಸಿಟ್ರೊನೆಲ್ಲಾಲ್, ಜೆರಾನಿಯಾಲ್, ಸಿಟ್ರೊನೆಲ್ಲೋಲ್‌ಗಳ ಬಳಗ. ಹಾರಾಡುವ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರವಿಡಲು ಹೆಸರುವಾಸಿ, ಮರಿಗೆ ಸಾಧಾರಣ. 2.

ಇನ್ನು ನೀಲಗಿರಿ. ಊಟಿಗೆ ಹೋದವರೆಲ್ಲ ಒಂದು ಬಾಟಲಿ ತಂದಿಟ್ಟಿರುತ್ತಾರೆ, ಹಾಗಾಗಿ ಮೊದಲು ಕೈಗೆ ಸಿಗುವುದೂ ಅದೇ. ಅದರ ಮುಖ್ಯ ಅಂಶ ಸಿನಿಯೋಲ್ ಮೂಗು ಕಟ್ಟಿದವರಿಗೆ ಹಿತ, ಸೊಳ್ಳೆಮರಿಯ ಮೇಲೆ ಬಹಳ ದುರ್ಬಲ. 1 ಅಂಕ, ಅದೂ ವಾಸನೆಗೆ.

ಬಾಟಲಿಯ ಮೇಲೆ ಏನು ಓದಬೇಕು

ಸಸ್ಯದ ಪೂರ್ತಿ ವೈಜ್ಞಾನಿಕ ಹೆಸರು, ಯಾವ ಭಾಗದಿಂದ ತೆಗೆದದ್ದು, ಬ್ಯಾಚ್ ನಂಬರು, ತಯಾರಿಸಿದ ತಿಂಗಳು ಇವು ಇರಬೇಕು. 'ಲೆಮನ್‌ಗ್ರಾಸ್ ಫ್ರಾಗ್ರೆನ್ಸ್ ಆಯಿಲ್' ಎಂದಿದ್ದರೆ ಅದು ಸೆಂಟು, ಕೆಳಗಿಡಿ. ಮಾರುವವರ ಬಳಿ ಜಿಸಿ-ಎಂಎಸ್ ವರದಿ (ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿ) ಕೇಳಿ. ಲವಂಗಕ್ಕೆ ಯೂಜೆನಾಲ್ ಎಷ್ಟು, ಮಜ್ಜಿಗೆ ಹುಲ್ಲಿಗೆ ಸಿಟ್ರಾಲ್ ಎಷ್ಟು ಎಂಬ ಒಂದೇ ಸಾಲು ನೋಡಿದರೆ ಸಾಕು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಬಿಡಿ. ಬಜ್ಜಿ ಕಟ್ಟಿದ ಕಾಗದದಂತೆ ಜಿಡ್ಡಿನ ಪಾರದರ್ಶಕ ಕಲೆ ಉಳಿದರೆ ಅಡುಗೆ ಎಣ್ಣೆಯೋ ಮಿನರಲ್ ಆಯಿಲೋ ಬೆರೆತಿದೆ. ಹಾರಿಹೋಗುವ ದ್ರಾವಕ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ಮಾತು. ಭಾರತದಲ್ಲಿ ಕೀಟನಾಶಕ ಎಂದು ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಸುವಾಸನೆಗೋ ಸೌಂದರ್ಯಕ್ಕೋ ಎಂದು ಮಾರುವ ತೈಲದ ಬಾಟಲಿಯಲ್ಲಿ ನೋಂದಣಿ ಸಂಖ್ಯೆ ಇಲ್ಲದೆ 'ಡೆಂಗೀ ಸೊಳ್ಳೆಯ ಲಾರ್ವಾ ನಾಶ' ಎಂದು ಅಚ್ಚಾಗಿದ್ದರೆ ಆ ಮಾತಿಗೆ ಬೆಲೆ ಕೊಡಬೇಕಿಲ್ಲ.

ಬೆರೆಸುವ ಕ್ರಮ

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಸೋಲುವ ಪ್ರಯತ್ನಗಳಲ್ಲಿ ಬಹುಪಾಲು ಇಲ್ಲೇ ಸೋಲುತ್ತವೆ. ಹಾಗೇ ಹನಿಸಿದ ಎಣ್ಣೆ ಮೇಲೆ ಬಣ್ಣಬಣ್ಣದ ಚೂರುಚೂರು ಪೊರೆಯಾಗಿ ತೇಲುತ್ತದೆ. ಮರಿ ಪೊರೆಯಿಲ್ಲದ ಮೂಲೆಯಲ್ಲಿ ಬಾಲದ ಕೊಳವೆ ಚಾಚಿ ಉಸಿರು ತೆಗೆದುಕೊಳ್ಳುತ್ತದೆ. ತೈಲದ ಅಂಶ ನೀರಿನಲ್ಲೆಲ್ಲ ಹರಡಿ, ಮರಿಯ ಮೈಯ ಹೊದಿಕೆಯ ಮೂಲಕ ಒಳಸೇರಿ, ನರಗಳನ್ನು ಕೆಡಿಸಬೇಕು. ಅದಕ್ಕೆ ಎಣ್ಣೆಯನ್ನು ಹಾಲಿನಂತೆ ಒಡೆಯಬೇಕು.

ಬೇಕಾದದ್ದು: ತೈಲ 10 ಮಿ.ಲೀ., ಟ್ವೀನ್ 80 (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ದ್ರವ, ಪಾಲಿಸಾರ್ಬೇಟ್ 80 ಎಂದೂ ಕರೆಯುತ್ತಾರೆ, ಸೋಪು-ಕ್ರೀಮು ತಯಾರಿಸುವವರಿಗೆ ಕಚ್ಚಾವಸ್ತು ಮಾರುವ ಕಡೆ ಸಿಗುತ್ತದೆ) 10 ಮಿ.ಲೀ., ನೀರು 80 ಮಿ.ಲೀ. ಗಾಜಿನ ಬಾಟಲಿ, ಸೂಜಿ ತೆಗೆದ 1 ಮತ್ತು 5 ಮಿ.ಲೀ. ಸಿರಿಂಜು, ಕೈಗವಸು.

ಮೊದಲು ಎಣ್ಣೆ ಮತ್ತು ಟ್ವೀನ್ ಎರಡನ್ನೇ ಸೇರಿಸಿ, ಗೆರೆ ಕಾಣದಂತೆ ಒಂದಾಗುವ ತನಕ ಕಲಕಿ. ಆಮೇಲೆ ನೀರನ್ನು ನೂಲಿನಂತೆ ಸುರಿಯುತ್ತ ಕಲಕುತ್ತಲೇ ಇರಿ. ಮೊದಲು ಮಂದವಾಗಿ, ಬಳಿಕ ತೆಳ್ಳಗೆ ಹಾಲಿನಂತಾಗುತ್ತದೆ. ನೀರಿಗೆ ಮೊದಲು ಟ್ವೀನ್ ಹಾಕಿ ಆಮೇಲೆ ಎಣ್ಣೆ ಸುರಿದರೆ ಹನಿಗಳು ದೊಡ್ಡವಾಗಿಯೇ ಉಳಿಯುತ್ತವೆ. ಒಂದು ಗಂಟೆ ಬಿಟ್ಟು ನೋಡಿ. ಮೇಲೆ ಎಣ್ಣೆಯ ಉಂಗುರ (ಲವಂಗವಾದರೆ ತಳದಲ್ಲಿ ಮಣಿ) ಕಂಡರೆ ಇನ್ನೂ 5 ಮಿ.ಲೀ. ಟ್ವೀನ್ ಸೇರಿಸಿ ಜೋರಾಗಿ ಕುಲುಕಿ. ವಾರದೊಳಗೆ ಬಳಸಿ ಮುಗಿಸಬೇಕು, ಪ್ರತಿ ಸಲ ಕುಲುಕಿಯೇ ತೆಗೆಯಬೇಕು. ಸಿರಿಂಜಿನ ರಬ್ಬರು ಎಣ್ಣೆಗೆ ಉಬ್ಬಿ ಅಂಟಿಕೊಳ್ಳುತ್ತದೆ, ಬಳಸಿದ ಕೂಡಲೇ ಸೋಪುನೀರಿನಲ್ಲಿ ತೊಳೆಯಿರಿ.

ಟ್ವೀನ್ ಬದಲು ಪಾತ್ರೆ ತೊಳೆಯುವ ದ್ರವ ಹಾಕಬಾರದೇ? ಹಾಕಬಹುದು, ಎಣ್ಣೆ ಒಡೆಯುತ್ತದೆ. ಆದರೆ ಸೋಪೇ ನೀರಿನ ಮೇಲ್ಮೈ ಬಿಗಿತ ಇಳಿಸಿ ಮರಿಗಳನ್ನೂ ಕೋಶಗಳನ್ನೂ (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಮುಳುಗಿಸಿ ಸಾಯಿಸಬಲ್ಲದು. 'ಎಣ್ಣೆ ಅದ್ಭುತ' ಎಂದು ಬರೆದವರಲ್ಲಿ ಎಷ್ಟೋ ಜನರ ಮರಿಗಳನ್ನು ಕೊಂದದ್ದು ಸೋಪು. ಸೋಪೇ ಸಾಕು ಎನ್ನುವಂಥ ಜಾಗದಲ್ಲಿ ದುಬಾರಿ ಎಣ್ಣೆ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆಯೇ.

ಎಷ್ಟು ಹಾಕಬೇಕು

ಪಿಪಿಎಂ ಎಂದರೆ ಇಲ್ಲಿ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ. ಅರ್ಧ ಮರಿಗಳನ್ನು ಕೊಲ್ಲುವ ಅಳತೆ 100 ಪಿಪಿಎಂ ಒಳಗಿದ್ದರೆ ಆ ತೈಲವನ್ನು ಪರಿಣಾಮಕಾರಿ ಎಂದು ಪರಿಗಣಿಸುವುದು ಈ ಕ್ಷೇತ್ರದ ಸಂಶೋಧಕರಲ್ಲಿ ರೂಢಿ. ಅರ್ಧ ಸತ್ತರೆ ಸಾಲದಲ್ಲ. ಉಳಿದರ್ಧ ವಾರದಲ್ಲಿ ರೆಕ್ಕೆ ಬಿಚ್ಚುತ್ತದೆ. ಆದ್ದರಿಂದ ಆ ಸಂಖ್ಯೆಯ ಎರಡು-ಮೂರು ಪಟ್ಟು ಬೇಕಾಗುತ್ತದೆ. ಆರೋಗ್ಯ ಇಲಾಖೆ ಸೊಳ್ಳೆಮರಿಗೆ ಬಳಸುವ ರಾಸಾಯನಿಕ ಔಷಧ ಟೆಮಿಫಾಸ್‌ನ ಅಳತೆ ಲೀಟರಿಗೆ 1 ಮಿಲಿಗ್ರಾಂ ಮಾತ್ರ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಅಂತರ ತಿಳಿಯುತ್ತದೆ: ನೂರು ಪಟ್ಟಿಗೂ ಹೆಚ್ಚು.

ಮೇಲೆ ಹೇಳಿದಂತೆ ಬೆರೆಸಿದ ತೈಲದ ಹಾಲನ್ನು ಲೀಟರು ನೀರಿಗೆ 1.5 ಮಿ.ಲೀ. ಹಾಕಿದರೆ ಮಜ್ಜಿಗೆ ಹುಲ್ಲಿನ ಎಣ್ಣೆ ಸುಮಾರು 135 ಪಿಪಿಎಂ, ಲವಂಗದ್ದು ಸುಮಾರು 155 ಪಿಪಿಎಂ ಆಗುತ್ತದೆ. ಇಲ್ಲಿಂದ ಶುರುಮಾಡಿ. ಕಾಲು ಲೀಟರು ನೀರು ನಿಂತ ಫ್ರಿಜ್ಜಿನ ಹಿಂದಿನ ತಟ್ಟೆಗೆ 0.4 ಮಿ.ಲೀ. ಸಾಕು. ಹನಿ ಲೆಕ್ಕ ನಂಬಬೇಡಿ. ಬಾಟಲಿಯ ಮೂತಿ, ಎಣ್ಣೆಯ ಜಾತಿ ಬದಲಾದಂತೆ ಒಂದು ಮಿ.ಲೀ.ಗೆ ಬೀಳುವ ಹನಿಗಳ ಸಂಖ್ಯೆಯೂ ಬದಲಾಗುತ್ತದೆ.

ಎಲೆ ಕೊಳೆತ, ಕೆಸರಾದ ನೀರಿನಲ್ಲಿ ತೈಲ ಕಸಕ್ಕೆ ಅಂಟಿಕೊಂಡು ಮರಿಗೆ ತಲುಪುವ ಪಾಲು ತಗ್ಗುತ್ತದೆ. ಕೊಳಚೆ ನೀರಿನ ಸೊಳ್ಳೆ ಕ್ಯುಲೆಕ್ಸ್‌ನ ಮರಿಗಳು ತುಂಬಿದ ಚರಂಡಿಗೆ ಇದನ್ನು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊಂಡ ಬಾಟಲಿಯನ್ನು ಪರೀಕ್ಷಿಸುವುದು

ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಒಂದು ಪಾತ್ರೆಗೆ 25 ಮರಿ, ಪ್ರತಿ ಅಳತೆಗೂ ಹಲವು ಪಾತ್ರೆ, ಎಣಿಕೆ 24 ಗಂಟೆಗೆ. ಅದರದೇ ಸಣ್ಣ ರೂಪವನ್ನು ಮನೆಯ ಹಿತ್ತಲಿನಲ್ಲಿ ಮಾಡಬಹುದು. ನಾಲ್ಕು ಗಾಜಿನ ಲೋಟ, ಪ್ರತಿಯೊಂದಕ್ಕೂ 200 ಮಿ.ಲೀ. ನೀರು. ಮರಿ ಹಿಡಿದ ಜಾಗದ ನೀರನ್ನೇ ಬಟ್ಟೆಯಲ್ಲಿ ಸೋಸಿ ಬಳಸಿ, ನಲ್ಲಿಯ ಕ್ಲೋರಿನ್ ನೀರು ಬೇಡ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಎಣ್ಣೆಯಿಲ್ಲದೆ, ಟ್ವೀನ್ ಒಂದು ಪಾಲು ನೀರು ಒಂಬತ್ತು ಪಾಲು ಬೆರೆಸಿದ್ದು 0.4 ಮಿ.ಲೀ. ಮೂರನೆಯದಕ್ಕೆ ತೈಲದ ಹಾಲು 0.2, ನಾಲ್ಕನೆಯದಕ್ಕೆ 0.4 ಮಿ.ಲೀ. ಪ್ರತಿ ಲೋಟಕ್ಕೂ 20 ಮರಿ, ಅರ್ಧ ಬೆಳೆದವು, 4ರಿಂದ 6 ಮಿ.ಮೀ. ಉದ್ದದವು. ಅಲ್ಪವಿರಾಮದ ಗುರುತಿನಂತೆ ಬಾಗಿದ ಕೋಶಗಳನ್ನು ಬಿಟ್ಟುಬಿಡಿ. ಲೋಟದ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ನೆರಳಿನಲ್ಲಿಡಿ.

ಅರ್ಧ ಗಂಟೆಗೆ ಇಣುಕಿ ನೋಡಿ ಸಂಭ್ರಮಪಡಬೇಡಿ. ತೈಲದ ಹೊಡೆತಕ್ಕೆ ಮರಿಗಳು ಬೇಗ ಮಂಕಾಗಿ ಸತ್ತಂತೆ ಬಿದ್ದಿರುತ್ತವೆ, ತೈಲ ಹಾರಿದಂತೆ ಕೆಲವು ಮತ್ತೆ ಎದ್ದು ಈಜುತ್ತವೆ. 24 ಗಂಟೆಗೆ ಕಡ್ಡಿಯಿಂದ ಬಾಲದ ಬುಡ ಮುಟ್ಟಿ. ಅಲುಗದವೂ, ಅಲುಗಿದರೂ ಮೇಲಕ್ಕೇರಲಾರದವೂ ಸತ್ತ ಲೆಕ್ಕ. ಬರೀ ನೀರಿನ ಲೋಟದಲ್ಲೇ ಶೇ. 20ಕ್ಕೂ ಹೆಚ್ಚು ಸತ್ತಿದ್ದರೆ ಪರೀಕ್ಷೆ ರದ್ದು. ಶೇ. 5ರಿಂದ 20ರ ನಡುವೆ ಸತ್ತಿದ್ದರೆ ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು. ಉದಾಹರಣೆಗೆ ಎಣ್ಣೆ ಲೋಟದಲ್ಲಿ ಶೇ. 85, ಬರೀ ನೀರಿನಲ್ಲಿ ಶೇ. 10 ಎಂದರೆ 75ನ್ನು 90ರಿಂದ ಭಾಗಿಸಿ: ನಿಜವಾದ ಸಾವು ಶೇ. 83. ಟ್ವೀನ್ ಲೋಟದ ಸಾವು ಎಣ್ಣೆ ಲೋಟದ ಹತ್ತಿರಕ್ಕೆ ಬಂದಿದ್ದರೆ ನೀವು ಕೊಂಡ ಎಣ್ಣೆಗೆ ಅರ್ಥವಿಲ್ಲ. ಮುಗಿದ ಮೇಲೆ ಎಲ್ಲ ಲೋಟಗಳ ನೀರನ್ನು ಒಣ ಮಣ್ಣಿನ ಮೇಲೆ ಚೆಲ್ಲಿ. ಏನೂ ಹಾಕದ ಲೋಟವನ್ನು ಮರೆತರೆ ಸೊಳ್ಳೆ ಸಾಕಿದ ಪುಣ್ಯ ನಿಮ್ಮದು.

ದುಡ್ಡಿನ ಲೆಕ್ಕ

15 ಮಿ.ಲೀ.ಯ ಒಂದು ಬಾಟಲಿಯಿಂದ 150 ಮಿ.ಲೀ. ಹಾಲು, ಅದರಿಂದ 100 ಲೀಟರು ನೀರಿಗೆ ಒಂದು ಸಲದ ಔಷಧ. ತೆರೆದ ನೀರಿನಲ್ಲಿ ತೈಲ ಎರಡು-ಮೂರು ದಿನಕ್ಕೆ ಹೆಚ್ಚು ನಿಲ್ಲುವುದಿಲ್ಲ. ನಮ್ಮ ಬಿಸಿಲಿಗೆ ಡೆಂಗೀ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೆ ಎರಡು ಸಲ ಹಾಕಬೇಕು. 200 ಲೀಟರಿನ ಒಂದು ಡ್ರಮ್ಮಿಗೆ ಸಲಕ್ಕೆ ಎರಡು ಬಾಟಲಿ, ತಿಂಗಳಿಗೆ ಹದಿನಾರು. ಬಾಟಲಿಗೆ ₹200 ಎಂದು ಹಿಡಿದರೂ ₹3,200 ಆಯಿತು. ಅದೇ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದು ಹಗ್ಗ ಸುತ್ತಿದರೆ ಖರ್ಚೇ ಇಲ್ಲ. ವಾರಕ್ಕೊಮ್ಮೆ ನೀರು ಬಿಡುವ ಉತ್ತರ ಕರ್ನಾಟಕದ ಊರುಗಳಲ್ಲಿ ಮನೆಮನೆಗೂ ಬ್ಯಾರಲ್, ಹಂಡೆ, ಸಿಮೆಂಟು ತೊಟ್ಟಿ ಸಾಲಾಗಿರುತ್ತವೆ. ಅಲ್ಲಿಗೆ ಈ ಬಾಟಲಿ ಹೇಳಿ ಮಾಡಿಸಿದ ವಸ್ತುವಲ್ಲ.

ಸರಿಹೊಂದುವ ಜಾಗಗಳೂ ಇವೆ. ಕಳಚಲು ಬಾರದ ಫ್ರಿಜ್ಜಿನ ತಟ್ಟೆ, ಮರದ ಪೊಟರೆ, ಕಾಂಪೌಂಡಿನ ಟೊಳ್ಳು ಪೈಪು, ಲಿಫ್ಟಿನ ಗುಂಡಿಯಲ್ಲಿ ಜಿನುಗಿ ನಿಂತ ನೀರು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕರಾವಳಿ-ಮಲೆನಾಡಿನ ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಬಟ್ಟಲುಗಳಿಗೆ ಎಣ್ಣೆ ಹಿಡಿದು ಓಡಾಡುವ ಬದಲು ಅವನ್ನು ಬೋರಲು ಹಾಕುವುದೇ ಕಡಿಮೆ ಕೆಲಸ.

ಕೆಡುವುದು ಎಲ್ಲೆಲ್ಲಿ

ಗಪ್ಪಿ, ಗಂಬೂಸಿಯಾ ಮೀನು ಬಿಟ್ಟಿರುವ ತೊಟ್ಟಿಗೆ ಲವಂಗದ ಎಣ್ಣೆ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೀನುಗಳಿಗೆ ಅರಿವಳಿಕೆ ಕೊಡಲು ಬಳಸುವುದು ಇದೇ ಯೂಜೆನಾಲ್, ಮರಿ ಕೊಲ್ಲುವ ಅಳತೆಯ ಆಸುಪಾಸಿನಲ್ಲೇ. ಮರಿ ತಿನ್ನುವ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ, ತೈಲ ಹಾರಿದ ಮೇಲೆ ಸೊಳ್ಳೆಗೆ ಕಾವಲೇ ಇಲ್ಲ.

ಈಡಿಸ್ ಮೊಟ್ಟೆಯಿಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರಿನಲ್ಲಿರುವ ತೈಲ ಅದಕ್ಕೆ ತಗಲುವುದೇ ಇಲ್ಲ. ಮರಿಗಳೆಲ್ಲ ಸತ್ತು, ಮಳೆ ಬಂದು ನೀರು ಏರಿದ ಎರಡೇ ದಿನದಲ್ಲಿ ಹೊಸ ಮರಿ ಕಂಡರೆ ಎಣ್ಣೆಯನ್ನು ಬೈಯಬೇಡಿ, ನಾರಿನಿಂದ ಗೋಡೆ ಉಜ್ಜಿ.

ಹೂಕುಂಡದ ತಟ್ಟೆಗೆ ಹಾಕುವಾಗಲೂ ಎಚ್ಚರ ಬೇಕು. ಲವಂಗ, ಚಕ್ಕೆ ಎಣ್ಣೆಗಳನ್ನು ಸಾಂದ್ರವಾಗಿ ಕಳೆನಾಶಕವಾಗಿಯೇ ಬಳಸುವುದುಂಟು. ತಟ್ಟೆಯ ನೀರು ಬೇರಿಗೆ ಏರುತ್ತದೆ. ನೀರಿನಲ್ಲೇ ಬೆಳೆಸುವ ಮನಿಪ್ಲಾಂಟ್, ಬಿದಿರಿನ ಕಡ್ಡಿಗೆ ಇದು ಬೇಡವೇ ಬೇಡ, ವಾರಕ್ಕೆರಡು ಸಲ ನೀರು ಬದಲಿಸಿ ಬಾಟಲಿ ಉಜ್ಜಿದರಾಯಿತು. ಬೆಕ್ಕು ಕುಡಿಯುವ ಜಾಗದಲ್ಲೂ ಹಾಕಬಾರದು, ಇಂಥ ತೈಲಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಮಕ್ಕಳ ಕೈಗೆ ಸಿಗದಂತೆ ಇಡಿ. ನೀಲಗಿರಿ ಎಣ್ಣೆ ಒಂದು ಚಮಚೆಯಷ್ಟು ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಹಾಗಾದಲ್ಲಿ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು.

ಬೇರೆಯವುಗಳ ಪಕ್ಕದಲ್ಲಿಟ್ಟು ನೋಡಿದರೆ

ಬಿಟಿಐ ಎಂಬುದು 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ತಯಾರಾಗುವ ಪುಡಿ ಅಥವಾ ದ್ರವ. ಮರಿ ಅದನ್ನು ತಿಂದರೆ ಕರುಳು ಒಡೆದು ಒಂದು ದಿನದಲ್ಲಿ ಸಾಯುತ್ತದೆ, ಮೀನಿಗೆ, ಬೆಕ್ಕಿಗೆ, ಮನುಷ್ಯರಿಗೆ ಏನೂ ಆಗುವುದಿಲ್ಲ. ಕುಡಿಯುವ ನೀರಿನ ತೊಟ್ಟಿಗೂ ನಿಗದಿತ ಅಳತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಇದೆ. ಹಾಗೆ ಒಪ್ಪಿಗೆ ಪಡೆದವುಗಳ ಪಟ್ಟಿಯಲ್ಲಿ ಸುಗಂಧ ತೈಲ ಒಂದೂ ಇಲ್ಲ. ಬಿಟಿಐ ಸೋಲುವುದು ಕೋಶದ ಮುಂದೆ. ಕೋಶ ಏನನ್ನೂ ತಿನ್ನುವುದಿಲ್ಲವಲ್ಲ. ತೈಲದ ಪರವಾಗಿ ಹೇಳಬಹುದಾದ ದೊಡ್ಡ ಮಾತು ನಿರೋಧಕ ಶಕ್ತಿಯದು. ಬ್ರೆಜಿಲ್ ಮೊದಲಾದೆಡೆ ಈಡಿಸ್ ಮರಿಗಳು ಟೆಮಿಫಾಸ್‌ಗೆ ಬಗ್ಗದಂತಾಗಿವೆ. ಹಲವು ಅಂಶಗಳು ಬೆರೆತ ತೈಲಕ್ಕೆ ಹಾಗೆ ಒಗ್ಗಿಕೊಳ್ಳುವುದು ಮರಿಗಳಿಗೆ ಅಷ್ಟು ಸುಲಭವಲ್ಲ. ಪ್ರಯೋಗಾಲಯಗಳು ಇದರ ಬೆನ್ನು ಬಿಡದಿರುವುದು ಆ ಆಸೆಗೇ: ಎಣ್ಣೆಯನ್ನು ಇನ್ನೂ ಸಣ್ಣ ಹನಿಗಳಾಗಿ ಒಡೆದು, ಕವಚದೊಳಗಿಟ್ಟು, ನಿಧಾನವಾಗಿ ಬಿಡುವಂತೆ ಮಾಡಿದರೆ ಎರಡು ದಿನದ ಆಯುಸ್ಸು ಎರಡು ವಾರವಾದೀತೆಂದು. ಅಂಗಡಿಯ 15 ಮಿ.ಲೀ. ಬಾಟಲಿಯಲ್ಲಿ ಆ ವಿದ್ಯೆ ಇರುವುದಿಲ್ಲ.

ಕೊಳ್ಳುವುದೇ ಆದರೆ ಲವಂಗದ ಎಲೆಯ ಎಣ್ಣೆ ಅಥವಾ ಮಜ್ಜಿಗೆ ಹುಲ್ಲಿನ ಎಣ್ಣೆ, ಕಂದು ಗಾಜಿನ ಬಾಟಲಿ, ಆರು ತಿಂಗಳೊಳಗೆ ತಯಾರಾದದ್ದು, ಒಂದು ಮಳೆಗಾಲಕ್ಕೆ ಸಾಲುವಷ್ಟು ಮಾತ್ರ. 'ಏಳು ಗಿಡಮೂಲಿಕೆಗಳ ಮಿಶ್ರಣ' ಎಂದು ಬರೆದು ಯಾವುದು ಎಷ್ಟೆಂದು ಹೇಳದ ಬಾಟಲಿಗೆ ಅಳತೆ ಹಾಕುವುದೇ ಸಾಧ್ಯವಿಲ್ಲವಾದ್ದರಿಂದ ಅದಕ್ಕೆ ಅಂಕವನ್ನೇ ಕೊಟ್ಟಿಲ್ಲ.